ಆರ್ಲಾಂಗ್ (ಒನ್ ಪೀಸ್)

ಆರ್ಲಾಂಗ್ ಎಂಬುದು ಜಪಾನಿನ ಮಾಂಗಾ ಲೇಖಕ ಎಯಿಚಿರೊ ಓಡಾ ಅವರು ರಚಿಸಿದ 'ಒನ್ ಪೀಸ್' ಸರಣಿಯಲ್ಲಿ ಬರುವ ಒಂದು ಕಾಲ್ಪನಿಕ ಖಳಪಾತ್ರ. ಗರಗಸದಂತಹ ಮೂತಿಯುಳ್ಳ ಶಾರ್ಕ್ ಜಾತಿಯ ಮೀನುಮಾನವನಾದ ಈತನು ಆರ್ಲಾಂಗ್ ಕಡಲ್ಗಳ್ಳರೆಂಬ ತಂಡದ ನಾಯಕ. ಕಥಾನಾಯಕ ಲೂಫಿಯ ಹಡಗಿನ ನಾವಿಕಳಾದ ನಾಮಿಯ ಬಾಲ್ಯವನ್ನು ನಾಶಮಾಡಿದವನು ಈತನೇ. ಮನುಷ್ಯರ ದಬ್ಬಾಳಿಕೆಗೆ ಗುರಿಯಾದ ಜನಾಂಗದಲ್ಲಿ ಹುಟ್ಟಿ, ತಾನೇ ದಬ್ಬಾಳಿಕೆಗಾರನಾಗುವುದು ಈ ಪಾತ್ರದ ಮುಖ್ಯ ಲಕ್ಷಣ.

ಪ್ರಕಟಣೆ

'ಒನ್ ಪೀಸ್' ಮಾಂಗಾ 1997ರ ಜುಲೈ ತಿಂಗಳಿನಿಂದ ಶುಯೆಯ್ಶಾ ಸಂಸ್ಥೆಯ 'ಶೋನೆನ್ ಜಂಪ್' ವಾರಪತ್ರಿಕೆಯಲ್ಲಿ ಪ್ರಕಟವಾಗುತ್ತಿದೆ. ಆರ್ಲಾಂಗ್ ಪ್ರಧಾನ ಖಳನಾಯಕನಾಗಿರುವ 'ಆರ್ಲಾಂಗ್ ಪಾರ್ಕ್' ಕಥಾಭಾಗವು 69ರಿಂದ 95ನೆಯ ಅಧ್ಯಾಯದವರೆಗೆ ಹರಡಿಕೊಂಡಿದೆ. ಟೋಯೆಯ್ ಆನಿಮೇಷನ್ ಸಂಸ್ಥೆಯು 1999ರಲ್ಲಿ ಆರಂಭಿಸಿದ ಅನಿಮೆಯಲ್ಲಿ ಇದೇ ಭಾಗವು 31ರಿಂದ 44ನೆಯ ಕಂತಿನವರೆಗೆ ಮೂಡಿಬಂದಿದೆ.

ರೂಪ ಮತ್ತು ಸ್ವಭಾವ

ಆರ್ಲಾಂಗ್ ನೀಲಿ ಚರ್ಮದ, ಭಾರೀ ದೇಹದ ಮೀನುಮಾನವ. ಅವನ ಮೂಗು ಗರಗಸದಂತೆ ಹಲ್ಲುಹಲ್ಲಾಗಿ ಮುಂಚಾಚಿದೆ. ಶಾರ್ಕ್‌ಗಳಂತೆಯೇ ಅವನ ಹಲ್ಲುಗಳು ಮುರಿದಷ್ಟೂ ಮತ್ತೆ ಬೆಳೆಯುತ್ತವೆ. ಹೋರಾಟದಲ್ಲಿ ತನ್ನ ದವಡೆಯ ಹಲ್ಲುಗಳನ್ನೇ ಕಿತ್ತು ಕೈಯಲ್ಲಿ ಹಿಡಿದು ಆಯುಧವನ್ನಾಗಿ ಬಳಸುತ್ತಾನೆ. 'ಕಿರಿಬಾಚಿ' ಎಂಬ ಗರಗಸದಂತಹ ದೊಡ್ಡ ಆಯುಧವೂ ಅವನಲ್ಲಿದೆ.

ಮೀನುಮಾನವರು ಹುಟ್ಟಿನಿಂದಲೇ ಮನುಷ್ಯರಿಗಿಂತ ಹತ್ತು ಪಟ್ಟು ಬಲಶಾಲಿಗಳು, ಆದುದರಿಂದ ಶ್ರೇಷ್ಠರು ಎಂಬುದು ಆರ್ಲಾಂಗನ ನಂಬಿಕೆ. ಮನುಷ್ಯರನ್ನು ಕೀಳು ಜೀವಿಗಳೆಂದು ಹೀಯಾಳಿಸುವ ಈತನು ತನ್ನ ಜನಾಂಗದವರನ್ನು ಮಾತ್ರ ಒಡಹುಟ್ಟಿದವರಂತೆ ಕಾಣುತ್ತಾನೆ. ಅವರಿಗೆ ಗಾಯವಾದರೆ ಕೆರಳುತ್ತಾನೆ. ಹಣದ ವಿಷಯದಲ್ಲಿ ಆಡಿದ ಮಾತಿಗೆ ತಪ್ಪುವುದಿಲ್ಲವೆಂದು ಹೇಳಿಕೊಂಡರೂ, ಆ ಮಾತನ್ನು ನಿರರ್ಥಕಗೊಳಿಸುವ ದಾರಿಗಳನ್ನು ಅವನು ಬಲ್ಲ.

ಪೂರ್ವಕಥೆ

ಕಥಾಲೋಕದಲ್ಲಿ ಮೀನುಮಾನವರು ಬಹುಕಾಲದಿಂದ ಮನುಷ್ಯರ ತಿರಸ್ಕಾರಕ್ಕೂ ಗುಲಾಮರ ವ್ಯಾಪಾರಕ್ಕೂ ಬಲಿಯಾದವರು. ಗುಲಾಮಗಿರಿಯನ್ನು ಸ್ವತಃ ಅನುಭವಿಸಿದ್ದ ಫಿಶರ್ ಟೈಗರ್ ಎಂಬಾತನು ಮೇರಿ ಜೋವಾ ನಗರದ ಗುಲಾಮರನ್ನು ಬಿಡುಗಡೆಗೊಳಿಸಿ, 'ಸೂರ್ಯ ಕಡಲ್ಗಳ್ಳರು' ಎಂಬ ತಂಡವನ್ನು ಕಟ್ಟಿದನು. ಆರ್ಲಾಂಗ್ ಮತ್ತು ಅವನಿಗೆ ಅಣ್ಣನಂತಿದ್ದ ಜಿನ್ಬೆ ಇದೇ ತಂಡದಲ್ಲಿದ್ದರು.

ಕೊಆಲಾ ಎಂಬ ಮನುಷ್ಯ ಬಾಲಕಿಯನ್ನು ಅವಳ ಊರಿಗೆ ಮುಟ್ಟಿಸಿ ಹಿಂದಿರುಗುತ್ತಿದ್ದಾಗ ಟೈಗರ್ ನೌಕಾಪಡೆಯ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡನು. ಮನುಷ್ಯರ ರಕ್ತ ದೊರೆತಿದ್ದರೂ ಅದನ್ನು ಪಡೆಯಲು ಅವನು ತಾನಾಗಿ ನಿರಾಕರಿಸಿ ಪ್ರಾಣಬಿಟ್ಟನು. ಸೇಡು ತೀರಿಸಿಕೊಳ್ಳಲು ಹೋಗಿ ಸೆರೆಸಿಕ್ಕ ಆರ್ಲಾಂಗ್, ಮನುಷ್ಯರು ರಕ್ತ ಕೊಡದಿದ್ದುದರಿಂದಲೇ ಟೈಗರ್ ಸತ್ತನೆಂದು ಸುಳ್ಳು ಹೇಳಿದನು. ಮುಂದೆ ಜಿನ್ಬೆಯು ವಿಶ್ವ ಸರ್ಕಾರದ ಮಾನ್ಯತೆ ಪಡೆದ ಏಳು ಕಡಲ್ಗಳ್ಳರಲ್ಲಿ ಒಬ್ಬನಾದಾಗ ಆರ್ಲಾಂಗನಿಗೆ ಬಿಡುಗಡೆ ದೊರೆಯಿತು. ಆ ಸ್ಥಾನವನ್ನು ಒಪ್ಪಿಕೊಂಡುದಕ್ಕಾಗಿ ಜಿನ್ಬೆಯೊಡನೆ ಕಾದಾಡಿ, ತನ್ನ ಅನುಯಾಯಿಗಳೊಂದಿಗೆ ಪೂರ್ವ ಸಮುದ್ರಕ್ಕೆ ಹೊರಟುಹೋದನು.

ಕೊಕೊಯಾಶಿ ಗ್ರಾಮದ ಆಕ್ರಮಣ

ಪೂರ್ವ ಸಮುದ್ರದ ಕೊನೊಮಿ ದ್ವೀಪಗಳನ್ನು ವಶಪಡಿಸಿಕೊಂಡ ಆರ್ಲಾಂಗ್, ಅಲ್ಲಿನ ಪ್ರತಿ ವಯಸ್ಕನಿಗೆ 1 ಲಕ್ಷ ಬೆರಿ, ಪ್ರತಿ ಮಗುವಿಗೆ 50,000 ಬೆರಿ ತಲೆಗಂದಾಯ ವಿಧಿಸಿದನು. ಬೆರಿ ಎಂಬುದು ಕಥಾಲೋಕದ ನಾಣ್ಯ. ಕಪ್ಪ ಸಲ್ಲಿಸಲಾರದ ಗೋಸಾ ಎಂಬ ಊರನ್ನು ಅವನ ತಂಡವು ನೆಲಸಮ ಮಾಡಿತು.

ನಾಮಿ ಮತ್ತು ನೊಜಿಕೊ ಎಂಬ ಇಬ್ಬರು ಅನಾಥ ಬಾಲಕಿಯರನ್ನು ಸಾಕುತ್ತಿದ್ದ ಬೆಲ್‌ಮೇರ್ ಎಂಬ ಮಹಿಳೆಯ ಬಳಿ ಇದ್ದುದು ಒಬ್ಬ ವಯಸ್ಕಳ ಕಂದಾಯಕ್ಕೆ ಸಾಲುವಷ್ಟು ಹಣ ಮಾತ್ರ. ತನಗೆ ಮಕ್ಕಳಿಲ್ಲವೆಂದು ಹೇಳಿದ್ದರೆ ಅವಳ ಜೀವ ಉಳಿಯುತ್ತಿತ್ತು. ಆದರೆ ಅವರು ತನ್ನ ಮಕ್ಕಳೇ ಎಂದು ಒಪ್ಪಿಕೊಂಡು, ಆ ಹಣವನ್ನು ಅವರಿಬ್ಬರ ಪಾಲಿಗೆ ಕೊಟ್ಟಳು. ಆರ್ಲಾಂಗ್ ಅವಳನ್ನು ಮಕ್ಕಳ ಕಣ್ಣೆದುರಿಗೇ ಗುಂಡಿಕ್ಕಿ ಕೊಂದನು.

ನಕ್ಷೆ ಬರೆಯುವುದರಲ್ಲಿ ನಾಮಿಗಿದ್ದ ಪ್ರತಿಭೆಯನ್ನು ಕಂಡು ಅವಳನ್ನು ತನ್ನ ತಂಡಕ್ಕೆ ಎಳೆದೊಯ್ದ ಆರ್ಲಾಂಗ್, 10 ಕೋಟಿ ಬೆರಿ ಕೊಟ್ಟರೆ ಗ್ರಾಮವನ್ನು ಬಿಟ್ಟುಕೊಡುವುದಾಗಿ ಮಾತುಕೊಟ್ಟನು. ಎಂಟು ವರ್ಷ ಇತರ ಕಡಲ್ಗಳ್ಳರಿಂದ ಕದ್ದು ಕೂಡಿಸಿದ ಹಣವು ಆ ಮೊತ್ತವನ್ನು ಸಮೀಪಿಸಿದಾಗ, ಲಂಚಕೋರ ನೌಕಾಪಡೆ ಅಧಿಕಾರಿ ನೆಜುಮಿಯ ಮೂಲಕ ಅದನ್ನು ವಶಪಡಿಸಿಕೊಳ್ಳುವಂತೆ ಮಾಡಿದನು. ಹೀಗೆ ಕೊಟ್ಟ ಮಾತು ಹೆಸರಿಗೆ ಉಳಿಯಿತು, ನಾಮಿಯ ಬಿಡುಗಡೆ ಮಾತ್ರ ಕೈತಪ್ಪಿತು.

ಪತನ

ಹತಾಶಳಾದ ನಾಮಿಯು ತನ್ನ ಭುಜದ ಮೇಲಿದ್ದ ಆರ್ಲಾಂಗನ ಲಾಂಛನದ ಹಚ್ಚೆಯನ್ನು ಚೂರಿಯಿಂದ ಇರಿದುಕೊಳ್ಳುತ್ತಾಳೆ. ಬಳಿಕ ಲೂಫಿಯಲ್ಲಿ ಸಹಾಯ ಬೇಡುತ್ತಾಳೆ. ಅನುಯಾಯಿಗಳಾದ ಹಾಚಿ, ಕುರೂಬಿ ಮತ್ತು ಚೂ ಕ್ರಮವಾಗಿ ಜೋರೊ, ಸಾಂಜಿ ಹಾಗೂ ಉಸೊಪ್‌ರಿಗೆ ಸೋಲುತ್ತಾರೆ. ಲೂಫಿಯು ನಾಮಿಯನ್ನು ಕೂಡಿಹಾಕಿ ನಕ್ಷೆ ಬರೆಸುತ್ತಿದ್ದ ಕೊಠಡಿಯನ್ನು ಧ್ವಂಸಮಾಡಿ, ಆರ್ಲಾಂಗನನ್ನು ಕಟ್ಟಡಸಮೇತ ಕೆಡವುತ್ತಾನೆ. ಆಗ ಆರ್ಲಾಂಗನ ತಲೆಗೆ ಘೋಷಿತವಾಗಿದ್ದ ಬಹುಮಾನ 2 ಕೋಟಿ ಬೆರಿ.

ಮುಂದಿನ ಕಥೆಯಲ್ಲಿ

ಆರ್ಲಾಂಗನ ಪೂರ್ವಕಥೆಯನ್ನು ಓಡಾ ಅವರು ಹಲವು ವರ್ಷಗಳ ನಂತರ, 'ಮೀನುಮಾನವ ದ್ವೀಪ' ಕಥಾಭಾಗದಲ್ಲಿ ವಿವರಿಸಿದರು. ಅವನ ದ್ವೇಷಕ್ಕೆ ಕಾರಣವಿತ್ತೆಂಬುದನ್ನು ಈ ಭಾಗವು ತೋರಿಸುತ್ತದೆ, ಆದರೆ ಅವನ ಕೃತ್ಯಗಳನ್ನು ಸಮರ್ಥಿಸುವುದಿಲ್ಲ. ಆರ್ಲಾಂಗನನ್ನು ಪೂರ್ವ ಸಮುದ್ರಕ್ಕೆ ಹೋಗಬಿಟ್ಟವನು ತಾನೆಂದು ಜಿನ್ಬೆ ಒಪ್ಪಿಕೊಂಡಾಗ, ತಾನು ದ್ವೇಷಿಸುವುದು ಆರ್ಲಾಂಗನನ್ನೇ ಹೊರತು ಮೀನುಮಾನವರೆಲ್ಲರನ್ನೂ ಅಲ್ಲವೆಂಬ ನಿಲುವನ್ನು ನಾಮಿ ತಾಳುತ್ತಾಳೆ. ಇದಕ್ಕೆ ವಿರುದ್ಧವಾಗಿ ನಿಲ್ಲುವವನು ಆರ್ಲಾಂಗನನ್ನು ಆರಾಧಿಸುವ ಹೋಡಿ ಜೋನ್ಸ್. ಮನುಷ್ಯರು ನಿನಗೇನು ಮಾಡಿದರು ಎಂಬ ಪ್ರಶ್ನೆಗೆ ಅವನ ಉತ್ತರ, ಏನೂ ಇಲ್ಲ ಎಂಬುದು. ಆರ್ಲಾಂಗನಿಗಿದ್ದ ನೋವು ಹೋಡಿಗಿಲ್ಲ. ಅವನಿಗೆ ಬಂದದ್ದು ದ್ವೇಷ ಮಾತ್ರ.

ಇತರ ಮಾಧ್ಯಮಗಳಲ್ಲಿ

ಜಪಾನಿ ಅನಿಮೆಯಲ್ಲಿ ಈ ಪಾತ್ರಕ್ಕೆ ಜೂರೋತಾ ಕೊಸುಗಿ ಧ್ವನಿ ನೀಡಿದ್ದಾರೆ. 2012ರಲ್ಲಿ ಈ ಕಥಾಭಾಗವನ್ನು 'ಎಪಿಸೋಡ್ ಆಫ್ ನಾಮಿ' ಎಂಬ ದೂರದರ್ಶನ ವಿಶೇಷ ಚಿತ್ರವಾಗಿ ಪುನರ್ನಿರ್ಮಿಸಲಾಯಿತು. 2023ರ ಆಗಸ್ಟ್ 31ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ನೈಜ ನಟರ ಸರಣಿಯ ಮೊದಲ ಆವೃತ್ತಿಯಲ್ಲಿ ಅಮೆರಿಕದ ನಟ ಮೆಕಿನ್ಲಿ ಬೆಲ್ಚರ್ ಈ ಪಾತ್ರವನ್ನು ನಿರ್ವಹಿಸಿದ್ದಾರೆ.