ತೀರ ಬಿಡುವ ಮುನ್ನ

ಚಿತ್ರದುರ್ಗದ ಕೋಟೆ ಹತ್ತಿದವರು ಅಕ್ಕ-ತಂಗಿಯರ ಹೊಂಡದ ಬಳಿ ನಿಂತೇ ಮುಂದೆ ಹೋಗುತ್ತಾರೆ. ಮೇಲಿನ ಹೊಂಡ ತುಂಬಿದರೆ ನೀರು ಕೆಳಗಿನದಕ್ಕೆ ಇಳಿಯಬೇಕು. ಎಣ್ಣೆಗೆ ಕೊಳ, ಕಾಳಿಗೆ ಕಣಜ ಬೇರೆ. ಶತ್ರು ತಿಂಗಳುಗಟ್ಟಲೆ ಸುತ್ತುವರಿದರೂ ಒಳಗಿನವರು ಹೊರಗೆ ಕೈಚಾಚಬಾರದು ಎಂಬ ಲೆಕ್ಕಾಚಾರ ಅದು. ಕಡಲನ್ನೇ ಕಾಣದ ರಾಮಗಿರಿ, ಹೊಸದುರ್ಗದ ಓದುಗರಿಗೂ ಕುಟುಂಬವೊಂದು ಹಾಯಿದೋಣಿಯಲ್ಲಿ ಮಹಾಸಾಗರಕ್ಕೆ ಇಳಿಯುವ ಮುನ್ನ ಮಾಡಬೇಕಾದ ಸಿದ್ಧತೆ ಅರ್ಥವಾಗಲು ಈ ಲೆಕ್ಕಾಚಾರ ಸಾಕು.

ಕಾರವಾರದ ಪಕ್ಕದ ಗೋವಾದಲ್ಲಿ ಕಟ್ಟಿದ 'ತಾರಿಣಿ' ನಮಗೆ ಹತ್ತಿರದ ಉದಾಹರಣೆ. 56 ಅಡಿ ಉದ್ದದ ಈ ದೋಣಿ 2017ರ ಫೆಬ್ರುವರಿಯಲ್ಲಿ ನೌಕಾಪಡೆ ಸೇರಿತು. ಅದೇ ವರ್ಷದ ಸೆಪ್ಟೆಂಬರ್ 10ರಂದು ಆರು ಮಂದಿ ಮಹಿಳಾ ಅಧಿಕಾರಿಗಳು ಅದರಲ್ಲಿ ಗೋವಾ ಬಿಟ್ಟು, ಭೂಮಿಯನ್ನು ಸುತ್ತಿ, 2018ರ ಮೇ 21ರಂದು ಮರಳಿದರು. ಮೊದಲ ನಿಲ್ದಾಣವಾದ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಮುಟ್ಟಲು ಅವರಿಗೆ ಆರು ವಾರಗಳೇ ಬೇಕಾದವು. ಅಷ್ಟು ದಿನ ಅಂಗಡಿಯಿಲ್ಲ, ಮೆಕ್ಯಾನಿಕ್ ಇಲ್ಲ, ಆಸ್ಪತ್ರೆಯಿಲ್ಲ.

ಹಾಗಾಗಿ ನೀರೇ ಮೊದಲ ಚಿಂತೆ. ಕುಡಿಯಲು, ಬೇಯಿಸಲು ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದರೂ ನಾಲ್ವರ ಕುಟುಂಬಕ್ಕೆ ತಿಂಗಳಿಗೆ 480 ಲೀಟರ್ ಬೇಕು. ಉಪ್ಪುನೀರನ್ನು ಸಿಹಿಯಾಗಿಸುವ ಯಂತ್ರವಿದ್ದರೂ ಅದನ್ನೊಂದೇ ನಂಬುವಂತಿಲ್ಲ; ನೀರನ್ನು ಒಂದೇ ಟ್ಯಾಂಕಿನಲ್ಲಿ ತುಂಬುವಂತೆಯೂ ಇಲ್ಲ. 2012-13ರಲ್ಲಿ ಎಲ್ಲಿಯೂ ನಿಲ್ಲದೆ ಒಬ್ಬರೇ ಭೂಪ್ರದಕ್ಷಿಣೆ ಮುಗಿಸಿದ ಅಭಿಲಾಷ್ ಟೋಮಿಯವರ ಕುಡಿಯುವ ನೀರಿಗೆ ಡೀಸೆಲ್ ಬೆರೆತಿತ್ತು. 1968-69ರಲ್ಲಿ ಅಂಥ ಯಾನವನ್ನು ಜಗತ್ತಿನಲ್ಲೇ ಮೊದಲು ಪೂರೈಸಿದ ರಾಬಿನ್ ನಾಕ್ಸ್-ಜಾನ್‌ಸ್ಟನ್‌ರ ನೀರೂ ಕೆಟ್ಟು, ಅವರು ಮಳೆನೀರು ಹಿಡಿದು ಕುಡಿದರು. ಅವರ 32 ಅಡಿಯ 'ಸುಹೈಲಿ' ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ದೋಣಿ. ನಡುಗಡಲಲ್ಲಿ ಹಲಗೆಗಳ ಸಂದಿನಿಂದ ನೀರು ಒಸರತೊಡಗಿದಾಗ ಅವರು ತಾವೇ ದೋಣಿಯಡಿ ಮುಳುಗಿ, ಸಂದಿಗೆ ಹತ್ತಿ ತುರುಕಿ ಬಿಗಿಮಾಡಿದರು.

ಆದ್ದರಿಂದಲೇ ಹೊರಡುವ ಮೊದಲು ದೋಣಿಯನ್ನು ನೀರಿನಿಂದ ಮೇಲೆತ್ತಿ ತಳ ಪರೀಕ್ಷಿಸುತ್ತಾರೆ. ಚುಕ್ಕಾಣಿಯ ಒಂದೊಂದು ಕೀಲನ್ನೂ ಅಲ್ಲಾಡಿಸಿ ನೋಡುತ್ತಾರೆ. ತಾರಿಣಿಯಂಥ ತಾರಿಣಿಯೇ ಚುಕ್ಕಾಣಿ ವ್ಯವಸ್ಥೆಯ ದೋಷದಿಂದ ಕೊನೆಯ ಹಂತದಲ್ಲಿ ಮಾರಿಷಸ್‌ನಲ್ಲಿ ನಿಲ್ಲಬೇಕಾಯಿತು. ಹಾಯಿಕಂಬವನ್ನು ಬಿಗಿದಿಡುವ ಉಕ್ಕಿನ ತಂತಿಗಳ ಮೇಲೂ ಅಷ್ಟೇ ನಿಗಾ ಬೇಕು. 2018ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಟೋಮಿಯವರ 'ತುರೀಯ' ದೋಣಿಯ ಕಂಬ ಮುರಿದು, ಅವರ ಬೆನ್ನುಮೂಳೆಗೆ ಪೆಟ್ಟಾಗಿ, ಫ್ರೆಂಚ್ ಮೀನುಗಾರಿಕಾ ಗಸ್ತು ಹಡಗೊಂದು ಬಂದು ಅವರನ್ನು ಎತ್ತಿಕೊಂಡಿತು. ಆಪತ್ತಿನಲ್ಲಿ ಉಪಗ್ರಹದ ಮೂಲಕ ಕರೆ ಕಳಿಸುವ ಉಪಕರಣ, ಗಾಳಿ ತುಂಬಿಕೊಳ್ಳುವ ಜೀವರಕ್ಷಕ ತೆಪ್ಪ, ತುಂಬಿದ ಔಷಧಿ ಪೆಟ್ಟಿಗೆ ಇವುಗಳಲ್ಲಿ ಒಂದನ್ನೂ ಬಿಡುವಂತಿಲ್ಲ.

ಮಕ್ಕಳಿದ್ದರೆ ಕೆಲಸ ಇನ್ನಷ್ಟು. ದೋಣಿಯ ಡೆಕ್ಕಿನ ಅಂಚಿಗೆ ಬಲೆ ಕಟ್ಟಬೇಕು. ಮೇಲೆ ಬರುವ ಮಗುವಿಗೆ ಲೈಫ್ ಜಾಕೆಟ್ ತೊಡಿಸಿ, ಸೊಂಟಪಟ್ಟಿಯ ಹಗ್ಗವನ್ನು ದೋಣಿಗೆ ಸಿಕ್ಕಿಸಬೇಕು. ರಾತ್ರಿಯ ಪಾಳಿಯನ್ನು ದೊಡ್ಡವರೇ ಹಂಚಿಕೊಳ್ಳಬೇಕಾದ್ದರಿಂದ, ಗಂಡ ನಡೆಸಬಲ್ಲ, ಹೆಂಡತಿಗೆ ಬಾರದು ಎಂಬಂಥ ದೋಣಿ ತೀರ ಬಿಡಲೇಬಾರದು.

ಅನುಭವಕ್ಕೆ ಬದಲಿ ಇಲ್ಲ. 2024ರ ಅಕ್ಟೋಬರ್ 2ರಂದು ಇದೇ ತಾರಿಣಿಯಲ್ಲಿ ಇಬ್ಬರೇ ಭೂಪ್ರದಕ್ಷಿಣೆಗೆ ಹೊರಟ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಮತ್ತು ರೂಪಾ ಅದಕ್ಕೆ ಮೊದಲು ಕೇಪ್‌ಟೌನ್, ರಿಯೊ, ಪೋರ್ಟ್‌ಬ್ಲೇರ್, ಮಾರಿಷಸ್‌ವರೆಗೆ ಹಾಯಿ ಬಿಚ್ಚಿ ಬಂದಿದ್ದರು. ನಮ್ಮ ಕರಾವಳಿಯ ಕುಟುಂಬವೊಂದು ಹೊರಡುವುದಾದರೆ ಮುಂಗಾರು ಕಳೆದು, ಚಂಡಮಾರುತದ ದಿನಗಳೂ ದಾಟಿದ ಮೇಲೆ ಕಾರವಾರದಿಂದ ಮಂಗಳೂರಿಗೆ, ಆಮೇಲೆ ಲಕ್ಷದ್ವೀಪಕ್ಕೆ ಹೋಗಿಬರಲಿ. ಆ ಓಡಾಟದಲ್ಲಿ ಒಡೆದದ್ದು, ಸೋರಿದ್ದು, ಸಾಲದೆ ಹೋದದ್ದನ್ನೆಲ್ಲ ಬರೆದಿಟ್ಟು, ಸರಿಪಡಿಸಿದ ಮೇಲಷ್ಟೇ ಮಹಾಸಾಗರದ ನಕ್ಷೆ ಬಿಚ್ಚಬಹುದು.