ಗಣಕಯಂತ್ರದ ಬುತ್ತಿ

ಗುಡ್ಡಾಪುರದ ದಾನಮ್ಮದೇವಿಯ ದರ್ಶನಕ್ಕೆ ಕಾಲ್ನಡಿಗೆಯಿಂದ ಹೊರಟವರು ಬುತ್ತಿ ಕಟ್ಟಿಕೊಳ್ಳುವುದನ್ನು ನಮ್ಮ ಜತ್ತ ತಾಲೂಕಿನ ಮಕ್ಕಳೆಲ್ಲರೂ ಬಲ್ಲರು. ಗಣಕಯಂತ್ರದ ತಂತ್ರಾಂಶಕ್ಕೂ ಇಂತಹ ಬುತ್ತಿಯುಂಟು. ತಂತ್ರಾಂಶವು ನಡೆಯಲು ಬೇಕಾದ ಕಡತಗಳನ್ನೆಲ್ಲ ಅದರ ಜೊತೆಯಲ್ಲಿಯೇ ಕಟ್ಟಿಟ್ಟರೆ ಆ ಕಟ್ಟಿಗೆ ಇಮೇಜ್ ಎಂದೂ, ಅದನ್ನು ಬಿಚ್ಚಿ ಕೆಲಸಕ್ಕೆ ಹಚ್ಚಿದಾಗ ಕಂಟೇನರ್ ಎಂದೂ ಹೆಸರು. 2013ರಲ್ಲಿ ಪ್ರಕಟವಾದ ಡಾಕರ್ ಎಂಬ ಸಾಧನದಿಂದ ಈ ಪದ್ಧತಿಯು ಲೋಕದಲ್ಲೆಲ್ಲ ಹರಡಿತು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನು ಅಂತರ್ಜಾಲವಿಲ್ಲದೆಡೆಯಲ್ಲಿಯೂ ಓದಿಸಬಲ್ಲ ಕಿವಿಕ್ಸ್ ಎಂಬ ತಂತ್ರಾಂಶವನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ. ಗಡಿನಾಡಿನ ಕನ್ನಡ ಮಕ್ಕಳಿಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಪೇಟೆಯ ಗಣಕದಲ್ಲಿ ಇದರ ಇಮೇಜನ್ನು ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಹಳ್ಳಿಯ ಶಾಲೆಗೆ ಒಯ್ಯಬಹುದು. ಇದು ಪರದೆಯ ಮೇಲಿನ ಚಿತ್ರಗಳನ್ನು ಒತ್ತಿ ಮಾಡುವ ಕೆಲಸವಲ್ಲ. ಆಜ್ಞೆಯ ಸಾಲನ್ನು ಬೆರಳಚ್ಚಿಸಿ ಮಾಡುವುದು. ‘ಡಾಕರ್ ಸೇವ್’ ಎಂದು ಬರೆದು, ಮುಂದೆ ಹೊಸ ಕಡತದ ಹೆಸರನ್ನೂ ಇಮೇಜಿನ ಹೆಸರನ್ನೂ ಕ್ರಮವಾಗಿ ಸೂಚಿಸಿದರೆ, ಎಲ್ಲವೂ ಟಾರ್ ಎಂಬ ಬಗೆಯ ಒಂದೇ ಕಡತವಾಗುವುದು. ಡಾಕರ್ ಇರುವ ಹಳ್ಳಿಯ ಗಣಕದಲ್ಲಿ ‘ಡಾಕರ್ ಲೋಡ್’ ಎಂಬ ಆಜ್ಞೆಯಿಂದ ಅದು ತನ್ನ ಪದರಗಳ ಸಮೇತ ಮರಳಿ ಬರುವುದು.

‘ಡಾಕರ್ ಎಕ್ಸ್‌ಪೋರ್ಟ್’, ‘ಡಾಕರ್ ಇಂಪೋರ್ಟ್’ ಎಂಬ ಇನ್ನೊಂದು ಜೋಡಿಯುಂಟು. ಕಲಿಯುವವರು ಎಡವುವುದು ಇಲ್ಲಿಯೇ. ಎಕ್ಸ್‌ಪೋರ್ಟ್ ಹೊರತೆಗೆಯುವುದು ಇಮೇಜನ್ನಲ್ಲ. ಕಂಟೇನರಿನೊಳಗಿನ ಕಡತಗಳನ್ನು, ಆ ಹೊತ್ತಿಗೆ ಇದ್ದಂತೆ. ಬಳಕೆಯಲ್ಲಿ ಒಳಗೆ ಆದ ತಿದ್ದುಪಡಿಗಳು ಇದರೊಡನೆ ಬರುವವು, ನಿಜ. ಆದರೆ ಪದರಗಳೆಲ್ಲ ಕಲೆತು ಒಂದಾಗುವವು. ಯಾವ ಆಜ್ಞೆಯಿಂದ ಕೆಲಸ ಆರಂಭಿಸಬೇಕೆಂಬ ಸೂಚನೆಯೂ ಉಳಿಯದು. ಇಂಪೋರ್ಟ್ ಮಾಡುವವರು ಅದನ್ನು ಹೊಸದಾಗಿ ಹೇಳಿಕೊಡಬೇಕು.

ಈ ಎರಡು ಜೋಡಿಗಳಿಂದಲೂ ಬಾರದ ವಸ್ತುವೊಂದುಂಟು, ಮತ್ತು ಅದೇ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಕಂಟೇನರಿನ ಹೊರಗೆ ವಾಲ್ಯೂಮ್ ಎಂಬ ಸ್ಥಳದಲ್ಲಿಟ್ಟ ಮಾಹಿತಿಯು ಕಟ್ಟಿನೊಳಗೆ ಸೇರದು. ಕಿವಿಕ್ಸಿನಲ್ಲಿ ವಿಶ್ವಕೋಶದ ಲೇಖನಗಳೆಲ್ಲ ಜಿಮ್ ಎಂಬ ಪ್ರತ್ಯೇಕ ಕಡತದಲ್ಲಿದ್ದು, ಸಾಮಾನ್ಯವಾಗಿ ಹೊರಗೇ ಇರುವವು. ಅದನ್ನು ಮರೆತು ಊರು ಸೇರಿದವನ ಕೈಯಲ್ಲಿ ಬುತ್ತಿಯ ಗಂಟು ಇರುವುದು, ಒಳಗೆ ರೊಟ್ಟಿಯಿರದು! ಶಾಲೆಯ ಅಂಕಪಟ್ಟಿಯನ್ನು ಇಂತಹ ವ್ಯವಸ್ಥೆಯಲ್ಲಿ ಇಟ್ಟವರು ವಾಲ್ಯೂಮನ್ನು ಬೇರೆಯಾಗಿ ನಕಲು ಮಾಡಿ, ಹೊಸ ಗಣಕದಲ್ಲಿ ತೆರೆದು ನೋಡಿದ ಮೇಲೆಯೇ ಹಳೆಯದನ್ನು ಅಳಿಸತಕ್ಕದ್ದು.

ಹೊರಡುವ ಮುನ್ನ ಇನ್ನೆರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಫ್ಯಾಟ್-32 ಕ್ರಮದ ಪೆನ್‌ಡ್ರೈವಿನಲ್ಲಿ 4 ಗಿಗಾಬೈಟನ್ನು ಮೀರಿದ ಒಂದೇ ಕಡತವು ಹಿಡಿಯದು. ಅದಕ್ಕೆ ಎಕ್ಸ್‌ಫ್ಯಾಟ್ ಕ್ರಮದ್ದು ಬೇಕು. ಇಂಟೆಲ್ ಪ್ರೊಸೆಸರಿಗಾಗಿ ಸಿದ್ಧವಾದ ಇಮೇಜು ರಾಸ್ಪ್‌ಬೆರಿ ಪೈಯಂತಹ ಚಿಕ್ಕ ಗಣಕದಲ್ಲಿ ತಾನಾಗಿ ನಡೆಯದು. ಅದಕ್ಕೆ ಒಪ್ಪುವ ಆರ್ಮ್ ಬಗೆಯ ಪ್ರತಿಯನ್ನು ಪೇಟೆಯಲ್ಲಿರುವಾಗಲೇ ಇಳಿಸಿಕೊಳ್ಳಬೇಕು.