ಅಟ್ಟದ ಮೇಲಣ ಉಕ್ಕಿನ ಕುದುರೆ: ಹಳೆಯ ಬೈಸಿಕಲ್ಲಿನ ಊರು, ವಯಸ್ಸು ತಿಳಿಯುವ ಬಗೆ

ಬೇಗಂ ಬಜಾರವು ಕೊಳ್ಳುವವರಿಗೆ ಮಾತ್ರವಲ್ಲ, ಮಾರುವವರಿಗೂ ಪರಿಚಿತವಾದ ಪೇಟೆ. ನಿಜಾಮ್ ಅಲಿ ಖಾನರ ಪತ್ನಿ ಹಮ್ದಾ ಬೇಗಂ ಅವರು ವರ್ತಕರಿಗೆ ಬಿಟ್ಟುಕೊಟ್ಟ ನೆಲದಲ್ಲಿ ಬೆಳೆದ ಈ ಪೇಟೆಗೆ, ಬೀದರ, ಕಲಬುರಗಿ, ರಾಯಚೂರು ಸೀಮೆಗಳಿಂದ ಬಂದು ನಗರದಲ್ಲಿ ನೆಲೆಸಿದ ನಮ್ಮವರು ಪಾತ್ರೆಪರಡಿಗಾಗಿಯೂ ದಿನಸಿಗಾಗಿಯೂ ಹೋಗುವುದು ರೂಢಿ. ಹಿರಿಯರು ತೀರಿಕೊಂಡ ಬಳಿಕ ಮನೆಯ ಅಟ್ಟ ಬರಿದು ಮಾಡುವಾಗ ಹಳೆಯ ಲೋಹವನ್ನು ತಕ್ಕಡಿಗೆ ಏರಿಸುವುದೂ ಉಂಟು. ಹಾಗೆ ಏರುವ ವಸ್ತುಗಳಲ್ಲಿ ತಾತನ ಕಾಲದ ಉಕ್ಕಿನ ಬೈಸಿಕಲ್ಲೂ ಒಂದು.

ಇಲ್ಲಿ ಎರಡು ಬಗೆಯ ನಷ್ಟವನ್ನು ನಾವು ಕಾಣುತ್ತೇವೆ. ಬೆಲೆಯುಳ್ಳ ಬೈಸಿಕಲ್ಲನ್ನು ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವುದು ಒಂದು. ಬರಿಯ ಬಿಲ್ಲೆಯನ್ನು ನಂಬಿ, ಸ್ವದೇಶದಲ್ಲಿ ತಯಾರಾದುದಕ್ಕೆ ವಿಲಾಯತಿ ಬೆಲೆ ತೆರುವುದು ಇನ್ನೊಂದು. ಎರಡಕ್ಕೂ ಮೂಲ ಅರಿವಿನ ಕೊರತೆಯೇ. ಆದುದರಿಂದ ಬೈಸಿಕಲ್ಲಿನ ಕುಲಗೋತ್ರವನ್ನು ವಿಚಾರಿಸುವ ಕ್ರಮವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಜಾತಿಯನ್ನು ನೋಡಬೇಕು. 28 ಅಂಗುಲದ ಚಕ್ರ, ತಂತಿಯ ಬದಲು ಕಡ್ಡಿಗಳಿಂದ ಎಳೆಯುವ ಬ್ರೇಕು, ಹಿಂದಕ್ಕೆ ವಾಲಿದ ಉದ್ದನೆಯ ಚೌಕಟ್ಟು: ಇದು ನಮ್ಮ ಹಿರಿಯರು ಬಲ್ಲ ಬೈಸಿಕಲ್ಲು. ಇದೇ ಬಗೆಯದನ್ನು ಇಂಗ್ಲೆಂಡಿನ ರ‍್ಯಾಲೆ ಕಂಪನಿಯು ‘ಟೂರಿಸ್ಟ್’ ಎಂಬ ಹೆಸರಿನಿಂದಲೂ ಮಾರುತ್ತಿತ್ತು. ಚಕ್ರ ದೊಡ್ಡದು, ಚೌಕಟ್ಟು ಉದ್ದ. ಆದಕಾರಣ ಕೆಟ್ಟ ರಸ್ತೆಯ ಕುಲುಕು ಸವಾರನ ಬೆನ್ನಿಗೆ ಅಷ್ಟಾಗಿ ತಟ್ಟುವುದಿಲ್ಲ. 26 ಅಂಗುಲದ ಚಕ್ರ, ತಂತಿಯ ಬ್ರೇಕು ಇದ್ದರೆ ಅದು ‘ಸ್ಪೋರ್ಟ್ಸ್’ ಪಂಗಡಕ್ಕೆ ಸೇರಿದುದೆಂದು ತಿಳಿಯಬಹುದು.

ಎರಡನೆಯದು ಲಾಂಛನ. ಹ್ಯಾಂಡಲಿನ ಕೆಳಗಣ ಕೊಳವೆಯ ಮೇಲೆ ಕೊಕ್ಕರೆಯ ತಲೆಯಿದ್ದರೆ ರ‍್ಯಾಲೆ. ಒಂದಕ್ಕೊಂದು ಆನಿಸಿ ನಿಲ್ಲಿಸಿದ ಮೂರು ಬಂದೂಕುಗಳಿದ್ದರೆ ಬಿ.ಎಸ್.ಎ. ಆದರೆ ಬಿಲ್ಲೆಯನ್ನು ಕಿತ್ತು ಬೇರೆ ಬೈಸಿಕಲ್ಲಿಗೆ ಜಡಿಯುವುದು ಕಷ್ಟದ ಕೆಲಸವಲ್ಲ. ಅದಕ್ಕಾಗಿ ಪೆಡಲಿನ ಬಳಿಯ ಹಲ್ಲುಚಕ್ರವನ್ನೂ ನೋಡತಕ್ಕದ್ದು. ರ‍್ಯಾಲೆಯ ಚಕ್ರದಲ್ಲಿ ಕೊಕ್ಕರೆ, ರಡ್ಜ್‌ನದರಲ್ಲಿ ಅಂಗೈ, ಹಂಬರ್‌ನದರಲ್ಲಿ ಪುಟ್ಟ ಮನುಷ್ಯಾಕೃತಿಗಳು ಕೊರೆದಿರುತ್ತವೆ. ಹಂಬರ್‌ನ ಮುಂದಿನ ಕವಲಿನಲ್ಲಿ ಎಡಬಲಗಳಿಗೆ ಎರಡೆರಡು ಕೊಳವೆಗಳಿರುವುದು ಅದರ ಇನ್ನೊಂದು ಹೆಗ್ಗುರುತು. ಬಿಲ್ಲೆ, ಹಲ್ಲುಚಕ್ರ, ಕವಲು ಈ ಮೂರೂ ಒಂದೇ ಮಾತನ್ನು ಹೇಳಿದರೆ ಮಾತ್ರ ನಂಬಬೇಕು.

ಮನೆತನಗಳು ಕೈಬದಲಾದ ವರ್ಷಗಳೂ ಉಪಯೋಗಕ್ಕೆ ಬರುತ್ತವೆ. ರ‍್ಯಾಲೆಯು ಹಂಬರ್ ಬೈಸಿಕಲ್ಲಿನ ಹಕ್ಕನ್ನು 1932ರಲ್ಲಿಯೂ ರಡ್ಜ್‌ನದನ್ನು 1943ರಲ್ಲಿಯೂ ಪಡೆಯಿತು. ರಡ್ಜ್ ಹಿಂದೆ ಕೊವೆಂಟ್ರಿ ಪಟ್ಟಣದ್ದಾಗಿತ್ತು. ಅದರ ಮೇಲೆ ರ‍್ಯಾಲೆಯ ಊರಾದ ನಾಟಿಂಗ್‌ಹ್ಯಾಮಿನ ಹೆಸರು ಕಂಡರೆ ಅದು 1943ಕ್ಕಿಂತ ಹಿಂದಿನದಾಗಲಾರದು.

ಮೂರನೆಯದು ತಯಾರಾದ ಸ್ಥಳ. ಇಲ್ಲಿಯೇ ಹೆಚ್ಚಿನವರು ಎಡವುವುದು. ಸ್ವಾತಂತ್ರ್ಯಾನಂತರ ವಿಲಾಯತಿ ಹೆಸರುಗಳೇ ನಮ್ಮ ದೇಶದ ಕಾರ್ಖಾನೆಗಳಿಂದ ಹೊರಬರತೊಡಗಿದವು. ಮದರಾಸಿನ ಬಳಿ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಸಂಸ್ಥೆ 1949ರಲ್ಲಿ ಸ್ಥಾಪಿತವಾಗಿ, ಹರ್ಕ್ಯುಲಿಸ್ ಬೈಸಿಕಲ್ಲುಗಳನ್ನು 1951ರಿಂದ ಕೊಡತೊಡಗಿತು, ಫಿಲಿಪ್ಸ್, ಬಿ.ಎಸ್.ಎ. ಹೆಸರುಗಳೂ ಅನಂತರ ಅಲ್ಲಿಂದ ಬಂದವು. ಬಂಗಾಳದ ಆಸನ್‌ಸೋಲ್ ಸಮೀಪದ ಸೆನ್-ರ‍್ಯಾಲೆ ಕಾರ್ಖಾನೆಯಿಂದ 1950ರ ದಶಕದಲ್ಲಿ ಸ್ವದೇಶೀ ರ‍್ಯಾಲೆ ಹೊರಟಿತು. ಆ ಕಾರ್ಖಾನೆ 1980ರಲ್ಲಿ ರಾಷ್ಟ್ರೀಕರಣವಾಯಿತು. ಸೋನೆಪತ್ತಿನ ಅಟ್ಲಾಸ್ 1951ರದು, ಲೂಧಿಯಾನದ ಹೀರೋ 1956ರದು. ಆದುದರಿಂದ ಕೊಕ್ಕರೆಯನ್ನು ಕಂಡೊಡನೆ ನಾಟಿಂಗ್‌ಹ್ಯಾಮ್ ಎಂದು ತೀರ್ಮಾನಿಸದೆ, ಬಿಲ್ಲೆಯ ಸಣ್ಣ ಅಕ್ಷರಗಳನ್ನು ಒರೆಸಿ ಓದಬೇಕು. ಸ್ವದೇಶದ್ದೆಂದ ಮಾತ್ರಕ್ಕೆ ಹೀನವೆಂದು ನಾವು ಹೇಳುತ್ತಿಲ್ಲ. ಹೆಸರು ಹೇಳಿ ಕೊಡಬೇಕಾದುದನ್ನು ಹೆಸರು ಮರೆಸಿ ಕೊಡಬಾರದೆಂಬುದೇ ನಮ್ಮ ಮಾತು.

ನಾಲ್ಕನೆಯದು ಗುಂಬ. ಹಿಂದಿನ ಚಕ್ರದಲ್ಲಿ ಮೂರು ವೇಗದ ಸ್ಟರ್ಮಿ-ಆರ್ಚರ್ ಗುಂಬವಿದ್ದರೆ ವಾಚಕರು ಭಾಗ್ಯವಂತರು. ಯುದ್ಧಾನಂತರದ ಗುಂಬಗಳ ಹೊರಮೈಯಲ್ಲಿ ಹೆಸರಿನ ಬಳಿ ವರ್ಷದ ಕೊನೆಯ ಎರಡು ಅಂಕಿಗಳನ್ನು ಒತ್ತಿರುವುದು ವಾಡಿಕೆ. 56 ಎಂದಿದ್ದರೆ 1956. ಮಣ್ಣು, ಜಿಡ್ಡು ಒರೆಸಿದರೆ ಕಾಣುತ್ತದೆ. ಆದರೆ ಅದು ಗುಂಬದ ವಯಸ್ಸೇ ಹೊರತು ಚೌಕಟ್ಟಿನದಲ್ಲ. ಚಕ್ರ ಬದಲಾಗಿದ್ದರೆ ಸಾಕ್ಷಿಯೂ ಬದಲಾದಂತೆಯೇ. ಲೇಪವೂ ಸ್ವಲ್ಪ ಮಾತಾಡುತ್ತದೆ. ಹಳದಿ ಛಾಯೆಯ ನಿಕಲ್ ಲೇಪ 1930ರ ಸುಮಾರಿಗೆ ಹಿಂದೆ ಸರಿದು, ನೀಲಿ ಹೊಳಪಿನ ಕ್ರೋಮಿಯಂ ಬಂದಿತು. ಎರಡನೆಯ ಮಹಾಯುದ್ಧದ ಕಾಲದ ಇಂಗ್ಲಿಷ್ ಬೈಸಿಕಲ್ಲುಗಳಲ್ಲಿ ಹೊಳೆಯಬೇಕಾದ ಭಾಗಗಳಿಗೂ ಕಪ್ಪು ಬಣ್ಣ ಬಳಿದಿರುತ್ತಿದ್ದರು. ಭಾಗಗಳ ಮೇಲೆ ಐ.ಎಸ್.ಐ. ಮುದ್ರೆಯಿದ್ದರೆ, ಆ ಮುದ್ರೆಯ ಕಾಯಿದೆಯೇ 1952ರದಾದುದರಿಂದ, ಅದಕ್ಕೂ ಹಿಂದಿನದೆಂಬ ಮಾತು ಸಲ್ಲದು.

ಐದನೆಯ ಸಾಕ್ಷಿ ನಮ್ಮ ಚರಿತ್ರೆಯದೇ. ಮಾರಿದ ಅಂಗಡಿಯವರು ಮಡ್‌ಗಾರ್ಡಿಗೆ ಅಂಟಿಸಿದ ವಿಳಾಸದ ಚೀಟಿಯನ್ನು ಕೆರೆದು ಹಾಕಬೇಡಿರಿ. ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದು, ಅಂದು ಮೈಸೂರು ರಾಜ್ಯವನ್ನು ಸೇರಿದವು. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973ರ ನವೆಂಬರ್ 1ರಂದು. ಹೈದರಾಬಾದ್ ನಗರದ ವಿಳಾಸದ ಮುಂದೆ ಆಂಧ್ರ ಪ್ರದೇಶವೆಂಬ ಹೆಸರು ಬಂದುದೂ 1956ರ ಅದೇ ದಿನದಿಂದ. ಆರು ಅಂಕಿಗಳ ಪಿನ್ ಕೋಡು 1972ರ ಆಗಸ್ಟ್ 15ರಿಂದ ಈಚಿನದು. ರಸೀದಿಯಲ್ಲಿ ಆಣೆಯಿದ್ದರೆ ಅದು ಬಹುತೇಕ 1957ರ ಏಪ್ರಿಲಿಗಿಂತ ಹಿಂದಿನದು. ‘ನಯೇ ಪೈಸೆ’ ಇದ್ದರೆ 1957ರಿಂದ 1964ರ ಒಳಗಿನದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಿಲ್ಲೆಯ ಮೇಲೆ ಸೆನ್-ರ‍್ಯಾಲೆ, ಚೀಟಿಯ ಮೇಲೆ ‘ರಾಯಚೂರು, ಮೈಸೂರು ರಾಜ್ಯ’, ತಾರೀಖು ಹರಿದುಹೋದ ರಸೀದಿಯಲ್ಲಿ ನಯೇ ಪೈಸೆ. ಬಿಲ್ಲೆಯಿಂದ ಅದು ಸ್ವದೇಶದ್ದೆಂದಾಯಿತು. ಚೀಟಿಯಿಂದ 1956-73 ಎಂದಾಯಿತು. ರಸೀದಿಯಿಂದ 1957-64ಕ್ಕೆ ಇಳಿಯಿತು. ಒಂದೊಂದೇ ಸಾಕ್ಷಿ ಬಾಗಿಲನ್ನು ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬರುತ್ತದೆ. ಚೌಕಟ್ಟಿನ ಮೇಲಿನ ಸಂಖ್ಯೆಯೊಂದನ್ನೇ ನೋಡಿ ವರ್ಷ ಹೇಳುವೆವೆನ್ನುವವರ ಆತುರಕ್ಕೆ ಮರುಳಾಗಬಾರದು.

ಕೊನೆಯದಾಗಿ ಒಂದು ಅರಿಕೆ. ಹೊಸ ಬಣ್ಣ ಬಳಿಸುವ ಮುನ್ನ ಎರಡು ಬಾರಿ ಯೋಚಿಸಿರಿ. ಬಣ್ಣದೊಡನೆ ಗೆರೆ, ಚೀಟಿ, ಅಕ್ಷರಗಳೆಲ್ಲ ಅಳಿದರೆ ಆ ಸಾಕ್ಷ್ಯವನ್ನು ಮರಳಿ ಪಡೆಯುವಂತಿಲ್ಲ. ಮೆತ್ತನೆಯ ಬಟ್ಟೆ, ಸ್ವಲ್ಪ ಎಣ್ಣೆ ಸಾಕು. ಮನೆಯ ಹಿರಿಯರು ಇನ್ನೂ ಇರುವಾಗಲೇ, ಯಾವ ಊರಿನಲ್ಲಿ, ಯಾರ ಸಂಬಳದಲ್ಲಿ, ಎಷ್ಟು ಕಂತಿನಲ್ಲಿ ಕೊಂಡದ್ದೆಂದು ಕೇಳಿ ಬರೆದಿಡಿರಿ. ಊರು ಬಿಟ್ಟು ಬಂದ ಕುಟುಂಬಗಳ ಕೈಯಲ್ಲಿ ಉಳಿದಿರುವ ಕಾಗದಪತ್ರ ಬಹಳ ಕಡಮೆ. ಕೆಲವು ಮನೆಗಳಲ್ಲಿ ಆ ಬೈಸಿಕಲ್ಲೇ ಊರಿನ ಹೆಸರು ಹೊತ್ತ ಏಕಮಾತ್ರ ದಸ್ತಾವೇಜು. ತಕ್ಕಡಿಗೆ ಏರಿಸುವ ಮೊದಲು ಅದನ್ನೊಮ್ಮೆ ಓದಿ ನೋಡುವುದು ಕರ್ತವ್ಯವೆಂದು ನಮ್ಮ ಮತ.